ಕಳ್ಳ ಹೋದ, ಅವನಿಟ್ಟ ಫಿಲ್ಟರ್ ಉಳೀತು: ಇಮೇಲ್ ಕಂಪನಿಗೆ ಒಂದು ದೂರು

ಇಂದ:
ಪ್ರಿಂಟಿಂಗ್ ಪ್ರೆಸ್ ಮಾಲೀಕ, ದಾವಣಗೆರೆ

ಇವರಿಗೆ:
ಕುಂದುಕೊರತೆ ಅಧಿಕಾರಿಗಳು,
ಇಮೇಲ್ ಸೇವಾ ಕಂಪನಿ

ವಿಷಯ: ನನ್ನ ಇಮೇಲ್ ಖಾತೆ ಕಳ್ಳರ ಪಾಲಾಗಿ ಗ್ರಾಹಕರಿಗೆ ಮೋಸದ ಮೇಲ್ ಹೋಗಿರುವುದು, ಖಾತೆ ವಾಪಸ್ ಸಿಕ್ಕ ಮೇಲೂ ಆದ ನಷ್ಟ

ಮಾನ್ಯರೇ,

ನಾನು ದಾವಣಗೆರೆಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಸಣ್ಣ ಪ್ರೆಸ್ ನಡೆಸುತ್ತೇನೆ. 2011ರಿಂದ ನಿಮ್ಮದೇ ಇಮೇಲ್. ಪತ್ರಿಕೆಯ ಪ್ರೂಫ್ (ಅಚ್ಚಿಗೆ ಮುಂಚೆ ತೋರಿಸುವ ಮಾದರಿ ಪ್ರತಿ) ಮೇಲ್‌ನಲ್ಲಿ ಹೋಗುತ್ತದೆ, ತಿದ್ದುಪಡಿ ಮೇಲ್‌ನಲ್ಲೇ ಬರುತ್ತದೆ. ಜಾಗ ತುಂಬಿದೆ ಎಂದು ನೀವು ಹೇಳಿದ ಮೇಲೆ ತಿಂಗಳು ತಿಂಗಳು ದುಡ್ಡೂ ಕಟ್ಟುತ್ತಿದ್ದೇನೆ. ಹಾಗಾಗಿ ಬಿಟ್ಟಿ ಗಿರಾಕಿಯ ಗೋಳು ಅಂತ ಈ ಪತ್ರವನ್ನು ಪಕ್ಕಕ್ಕಿಡಬೇಡಿ.

ಕಳೆದ ತಿಂಗಳು ಒಂದು ಬುಧವಾರ ಬೆಳಿಗ್ಗೆ ಹರಿಹರದಿಂದ ಗ್ರಾಹಕರೊಬ್ಬರು ಫೋನ್ ಮಾಡಿದರು. "ಏನ್ರೀ, ನೀವು ಕಳ್ಸಿರೋ ಪ್ರೂಫ್ ತೆಗೆದ್ರೆ ನನ್ನ ಪಾಸ್‌ವರ್ಡ್ ಕೇಳ್ತೈತಲ್ರಿ?" ಅಂದರು. ಅವರ ಮಗಳ ಮದುವೆ ಮುಗಿದು ಎರಡು ವರ್ಷವಾಗಿದೆ. ನಾನ್ಯಾಕೆ ಪ್ರೂಫ್ ಕಳಿಸಲಿ? ಮಧ್ಯಾಹ್ನದೊಳಗೆ ಇಂಥದ್ದೇ ಮೂವತ್ತಕ್ಕೂ ಜಾಸ್ತಿ ಫೋನ್ ಬಂದವು. ನನ್ನ ಕಾಂಟ್ಯಾಕ್ಟ್ ಪಟ್ಟಿಯಲ್ಲಿದ್ದವರಿಗೆಲ್ಲ "ಪ್ರೂಫ್ ರೆಡಿ ಇದೆ, ನೋಡಿ" ಎಂದು ಒಂದು ಲಿಂಕ್ ಹೋಗಿತ್ತು. ಪ್ರೆಸ್‌ನವನ ಮೇಲ್ ಅಂದರೆ ಜನ ಯೋಚನೆ ಮಾಡದೆ ತೆಗೆಯುತ್ತಾರೆ. ಕಳ್ಳನಿಗೆ ಅದು ಗೊತ್ತಿತ್ತು. ಒಬ್ಬರು ಅನುಮಾನ ಬಂದು "ಇದು ನೀವೇನಾ?" ಎಂದು ಬರೆದರೆ, "ಹೌದು, ನಾನೇ, ತೆಗೆಯಿರಿ" ಅಂತ ಇಂಗ್ಲಿಷಿನಲ್ಲಿ ಉತ್ತರ ಬೇರೆ ಕೊಟ್ಟಿದ್ದಾನೆ. ಆ ಗ್ರಾಹಕರ ಜೊತೆ ನಾನು ಇವತ್ತಿನವರೆಗೆ ಒಂದು ಮಾತೂ ಇಂಗ್ಲಿಷಿನಲ್ಲಿ ಆಡಿಲ್ಲ.

ನನ್ನ ತಪ್ಪೂ ಇದೆ. ಕಾಗದ ತರಿಸುವ ಒಂದು ವೆಬ್‌ಸೈಟಿಗೂ ಇದೇ ಪಾಸ್‌ವರ್ಡ್ ಇಟ್ಟಿದ್ದೆ. ಪಾಸ್‌ವರ್ಡ್ ಜೊತೆಗೆ ಕೋಡ್ ಕೂಡ ಕೇಳುವ ಎರಡು ಹಂತದ ಪರಿಶೀಲನೆಯನ್ನು ಆನ್ ಮಾಡಿರಲಿಲ್ಲ. ಒಪ್ಪುತ್ತೇನೆ. ಆದರೆ ಆಮೇಲೆ ನಡೆದದ್ದಕ್ಕೆ ನೀವು ಉತ್ತರ ಹೇಳಬೇಕು.

ಹೊಸ ಕಡೆಯಿಂದ ಲಾಗಿನ್ ಆಗಿದೆ ಎಂದು ನೀವು ಎಚ್ಚರಿಕೆ ಕಳಿಸಿದ್ದೀರಿ. ಎಲ್ಲಿಗೆ? ಕಳ್ಳ ಕೂತಿದ್ದ ಅದೇ ಖಾತೆಗೆ. ಅವನು ಅದನ್ನು ಅಳಿಸಿದ್ದು ಆಮೇಲೆ ಟ್ರ್ಯಾಶ್‌ನಲ್ಲಿ ನನಗೆ ಸಿಕ್ಕಿತು. ಖಾತೆ ವಾಪಸ್ ಪಡೆಯಲು ನಾನು ಕೊಟ್ಟಿದ್ದ ರಿಕವರಿ ಮೊಬೈಲ್ ನಂಬರ್ ಕೂಡ ಬದಲಿಸಿದ. ಹತ್ತು ವರ್ಷದಿಂದ ಇದ್ದ ನನ್ನ ನಂಬರಿಗೆ ಒಂದೇ ಒಂದು ಎಸ್ಎಂಎಸ್ ಬರಲಿಲ್ಲ. ಖಾತೆ ನನ್ನದು ಎಂದು ಹೇಳಲು ಹೋದರೆ, ಅವನ ನಂಬರಿಗೆ ಬಂದ ಕೋಡ್ ಹಾಕಿ ಅಂತ ನನ್ನನ್ನು ಕೇಳಿದಿರಿ! ಖಾತೆ ತೆರೆದ ತಿಂಗಳು, ವರ್ಷ ಕೇಳಿದಿರಿ. ಅದು ನಿಮ್ಮ ಮೊದಲ ಮೇಲ್‌ನಲ್ಲಿದೆ, ಆ ಮೇಲ್ ಬೀಗ ಹಾಕಿದ ಖಾತೆಯ ಒಳಗಿದೆ. ನಾಲ್ಕು ಸಲ ಫಾರಂ ತುಂಬಿದೆ. ನಾಲ್ಕು ಸಲವೂ "ಮಾಹಿತಿ ಸಾಲದು" ಎಂಬ ಒಂದೇ ಸಾಲು. ಕೊನೆಗೆ ಐದನೇ ದಿನ, ಪ್ರೆಸ್‌ನ ಹಳೇ ಕಂಪ್ಯೂಟರಿನಿಂದ ಪ್ರಯತ್ನಿಸಿದಾಗ ಖಾತೆ ತೆರೆಯಿತು. ಇಷ್ಟು ದಿನ ಹೊಸ ಫೋನಿನಿಂದ ಸುಮ್ನೆ ಒದ್ದಾಡಿದ್ದೆ. ಯಾವಾಗಲೂ ಬಳಸುವ ಕಂಪ್ಯೂಟರಿನಿಂದ ನೋಡಿ ಅಂತ ಹೇಳಲು ನಿಮ್ಮ ಕಡೆ ಒಬ್ಬ ಮನುಷ್ಯ ಇರಲಿಲ್ಲ.

ಪಾಸ್‌ವರ್ಡ್ ಬದಲಿಸಿದೆ. "ನಿಮ್ಮ ಖಾತೆ ಈಗ ಸುರಕ್ಷಿತ" ಎಂದು ತೋರಿಸಿದಿರಿ. ನಂಬಿದೆ.

ಅವನು ಒಳಗೆ ಒಂದು ಫಿಲ್ಟರ್ ಇಟ್ಟು ಹೋಗಿದ್ದ. ವಿಷಯದಲ್ಲಿ ಪ್ರೂಫ್ ಎಂಬ ಪದವಿದ್ದ ಮೇಲ್‌ಗಳೆಲ್ಲ ನೇರ ಟ್ರ್ಯಾಶ್‌ಗೆ ಹೋಗುತ್ತಿದ್ದವು. ಅವುಗಳ ಒಂದು ಪ್ರತಿ ಯಾವುದೋ ಹೊರಗಿನ ವಿಳಾಸಕ್ಕೂ ಹೋಗುತ್ತಿತ್ತು. ಮೋಸದ ಮೇಲ್‌ಗೆ ಜನ ಬರೆದ ಉತ್ತರ ನನ್ನ ಕಣ್ಣಿಗೆ ಬೀಳದಿರಲಿ ಎಂದು ಅವನು ಮಾಡಿದ ಉಪಾಯ. ಆದರೆ ನನ್ನ ಗ್ರಾಹಕರ ತಿದ್ದುಪಡಿಗಳೂ ಅದೇ ಪದ ಹೊತ್ತೇ ಬರುತ್ತವೆ. ಒಬ್ಬರು ಮುಹೂರ್ತ 10.20 ಅಲ್ಲ, 11.20 ಎಂದು ಬರೆದಿದ್ದರು. ಅದು ನನಗೆ ಕಾಣಲೇ ಇಲ್ಲ. ಮೂರು ದಿನ ಕಾದೆ, ಉತ್ತರ ಇಲ್ಲ, ಎಲ್ಲ ಸರಿ ಇದೆ ಅಂದುಕೊಂಡು 600 ಪತ್ರಿಕೆ ಅಚ್ಚು ಹಾಕಿದೆ. ಹುಡುಗಿಯ ಅಪ್ಪ ಕಟ್ಟು ಬಿಚ್ಚಿ ಓದಿ, ಏನೂ ಮಾತಾಡದೆ ಅಲ್ಲೇ ಕೂತರು. ಬೈದಿದ್ದರೆ ಚೆನ್ನಾಗಿರುತ್ತಿತ್ತು. ನನ್ನ ಖರ್ಚಿನಲ್ಲೇ ಮತ್ತೆ ಅಚ್ಚು ಹಾಕಿಕೊಟ್ಟೆ. ಆಮೇಲೆ ನನ್ನ ಅಕ್ಕನ ಮಗ ಸೆಟ್ಟಿಂಗ್ಸ್‌ನಲ್ಲಿ ಹುಡುಕಿ ಫಿಲ್ಟರ್ ತೆಗೆದ. ಈ ಖಾತೆಗೆ ಕಳ್ಳ ನುಗ್ಗಿದ್ದು ನಿಮಗೆ ಗೊತ್ತಿತ್ತು. ಅವನಿದ್ದ ದಿನಗಳಲ್ಲಿ ಸೇರಿದ ಫಿಲ್ಟರ್ ಇದು, ಇರಲೋ ತೆಗೆಯಲೋ ಎಂದು ಒಂದು ಪ್ರಶ್ನೆ ಕೇಳಲು ನಿಮಗೇನು ಕಷ್ಟವಿತ್ತು?

ಆ ದಿನಗಳಲ್ಲಿ ಎಲ್ಲೆಲ್ಲಿಂದ ಲಾಗಿನ್ ಆಯಿತು, ಯಾರ್ಯಾರಿಗೆ ಮೇಲ್ ಹೋಯಿತು ಎಂಬ ಪೂರ್ತಿ ಪಟ್ಟಿ ನನಗೆ ಬೇಕು. ಕಳಿಸಿದ ಮೇಲ್‌ಗಳನ್ನು ಅವನು ಅಳಿಸಿರುವುದರಿಂದ ಇನ್ನೂ ಯಾರಿಗೆ ಎಚ್ಚರಿಕೆ ಹೇಳಬೇಕು ಅನ್ನೋದೇ ಗೊತ್ತಾಗುತ್ತಿಲ್ಲ. ಮೇಲ್‌ಗಳ ಪ್ರತಿ ಹೋಗುತ್ತಿದ್ದ ವಿಳಾಸದ ಮೇಲೆ ಕ್ರಮ ತೆಗೆದುಕೊಳ್ಳಿ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು (ಕಂಪ್ಯೂಟರ್ ವ್ಯವಸ್ಥೆಯಲ್ಲಿ ನಡೆದದ್ದರ ದಾಖಲೆ) 180 ದಿನ ಇಡಬೇಕು. ತನಿಖೆ ಮುಗಿಯುವವರೆಗೂ ಅವನ್ನು ಅಳಿಸಬೇಡಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿದ್ದೇನೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ (ಗುರುತಿನ ಕಳವು), 66ಡಿ (ಬೇರೆಯವರ ಸೋಗಿನಲ್ಲಿ ಮೋಸ) ಕಲಂಗಳನ್ನು ಅದರಲ್ಲಿ ಕಾಣಿಸಿದ್ದೇನೆ. ಪ್ರತಿ ಲಗತ್ತಿಸಿದೆ. ಎರಡನೇ ಸಲ ಅಚ್ಚು ಹಾಕಿದ ಕಾಗದ, ಕೂಲಿಯ ಬಿಲ್ ಕೂಡ ಇದೆ. ಆ ಹಣ ಕೊಡುತ್ತೀರೋ ಇಲ್ಲವೋ ನೇರವಾಗಿ ಹೇಳಿ.

2021ರ ಐಟಿ ನಿಯಮಗಳಂತೆ ದೂರು ತಲುಪಿದ 24 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು. ನಿಮ್ಮ ತೀರ್ಮಾನ ಸಮಾಧಾನ ತರದಿದ್ದರೆ ಇಂಥ ದೂರುಗಳಿಗೆಂದೇ ಕೇಂದ್ರ ಸರ್ಕಾರ ನೇಮಿಸಿದ ಮೇಲ್ಮನವಿ ಸಮಿತಿಗೆ ಹೋಗುತ್ತೇನೆ.

ಉತ್ತರವನ್ನು ಪ್ರೆಸ್‌ನ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಿ. ಮೇಲ್‌ನಲ್ಲೇ ಕಳಿಸುವುದಾದರೆ, ದಯವಿಟ್ಟು ಅದರಲ್ಲಿ ಲಿಂಕ್ ಹಾಕಬೇಡಿ. ನಾನು ತೆಗೆಯುವುದಿಲ್ಲ.

ಇತಿ,
ನಿಮ್ಮ ಗ್ರಾಹಕ
ದಾವಣಗೆರೆ

ಲಗತ್ತು: ಪೋರ್ಟಲ್ ದೂರಿನ ಪ್ರತಿ, ಫಿಲ್ಟರ್‌ನ ಸ್ಕ್ರೀನ್‌ಶಾಟ್, ಮರುಮುದ್ರಣದ ಬಿಲ್