ನಮ್ಮ ಕಾರುಗಳ ಮ್ಯಾಪ್ ಬಗ್ಗೆ ನಿಮಗೊಂದು ಪತ್ರ

ಪ್ರಿಯ ಗ್ರಾಹಕರೇ,

ಮುಂದಿನ ತಿಂಗಳಿಂದ ನಮ್ಮ ಬಾಡಿಗೆ ಕಾರುಗಳಲ್ಲಿ ದಾರಿ ನೋಡಲು ನಿಮ್ಮ ಫೋನನ್ನೇ ಬಳಸಿ ಎಂದು ಕೇಳಿಕೊಳ್ಳುತ್ತೇವೆ. ಪ್ರತಿ ಕಾರಿನಲ್ಲೂ ಫೋನ್ ಹೋಲ್ಡರ್ ಮತ್ತು ಕೇಬಲ್ ಇರುತ್ತವೆ. ಅದಕ್ಕೆ ಬೇರೆ ಹಣ ಇಲ್ಲ. ಫೋನ್ ಜೋಡಿಸಲು ಬರುವ ಕಾರುಗಳಲ್ಲಿ ಫೋನಿನ ಮ್ಯಾಪ್ ಕಾರಿನ ಪರದೆಯಲ್ಲೇ ಕಾಣುತ್ತದೆ.

ಯಾಕೆ ಈ ಬದಲಾವಣೆ ಅಂತ ಹೇಳಲೇಬೇಕು. ಒಂದು ರಾತ್ರಿ ನಮ್ಮ ಕಾರಿನಲ್ಲಿ ಒಂದು ಕುಟುಂಬ ಹೊಸ ಬೈಪಾಸ್ ಮೇಲೆ ಹೋಗುತ್ತಿತ್ತು. ಕಾರಿನ ಮ್ಯಾಪಿನಲ್ಲಿ ಆ ರಸ್ತೆಯೇ ಇರಲಿಲ್ಲ. ಪರದೆ ತುಂಬ ಬರೀ ಬೂದು ಬಣ್ಣ, ನಡುವೆ ಒಂದು ಬಾಣ. 'ಯು ಟರ್ನ್ ಮಾಡಿ' ಎಂಬ ದನಿ ನಿಲ್ಲುತ್ತಲೇ ಇರಲಿಲ್ಲ. ಕೊನೆಗೆ ಅವರು ಆ ಮಾತು ಕೇಳಿ ಹಳೆ ರಸ್ತೆಗೆ ಇಳಿದರು. ಅದು ಒನ್ ವೇ ಆಗಿ ಎಷ್ಟೋ ಕಾಲವಾಗಿತ್ತು. ಎದುರಿಗೆ ಲಾರಿ ಬಂತು. ಲಾರಿಯವರು ಸಮಯಕ್ಕೆ ಬ್ರೇಕ್ ಹಾಕಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. 'ದಾರಿ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಕಾರಲ್ಲೇ ಮ್ಯಾಪ್ ಇದೆ' ಎಂದು ಹೇಳಿ ಕೀ ಕೊಟ್ಟವರು ನಾವೇ. ಆ ಕುಟುಂಬದ ಕ್ಷಮೆ ಕೇಳಿದ್ದೇವೆ. ಇಲ್ಲಿ ಮತ್ತೊಮ್ಮೆ ಕೇಳುತ್ತೇವೆ.

ಮರುದಿನ ಒಂದೊಂದೇ ಕಾರಿನ ಸೆಟ್ಟಿಂಗ್ಸ್ ತೆಗೆದು ಮ್ಯಾಪ್ ಯಾವ ವರ್ಷದ್ದು ಅಂತ ನೋಡಿದೆವು. ಹೊರಗೆ ಹೊಸದರಂತೆ ಹೊಳೆಯುವ ಒಂದು ಕಾರಿನಲ್ಲಿ ಏಳು ವರ್ಷ ಹಳೆಯ ಮ್ಯಾಪ್ ಇತ್ತು.

ಸ್ಯಾಟಲೈಟ್ ಇದೆಯಲ್ಲ, ಮತ್ತೆ ಯಾಕೆ ಹೀಗೆ ಎಂದು ಹಲವರು ಕೇಳುತ್ತಾರೆ. ಸ್ಯಾಟಲೈಟ್ ಸಿಗ್ನಲ್‌ನಿಂದ ಕಾರು ಎಲ್ಲಿದೆ ಅಂತ ಮಾತ್ರ ಗೊತ್ತಾಗುತ್ತದೆ. ರಸ್ತೆಗಳೆಲ್ಲ ಕಾರಿನ ಮೆಮೊರಿಯಲ್ಲಿರುವ ಫೈಲಿನಿಂದ ಬರುತ್ತವೆ. ಅಪ್‌ಡೇಟ್ ಮಾಡದಿದ್ದರೆ ಆ ಫೈಲ್ ಹಾಗೇ ಉಳಿಯುತ್ತದೆ. ಹೊಸ ಕಾರಿನ ಮ್ಯಾಪ್ ಕೂಡ ಶೋರೂಮಿಗೆ ಬರುವಷ್ಟರಲ್ಲಿ ಸ್ವಲ್ಪ ಹಳತಾಗಿರುತ್ತದೆ, ಯಾಕೆಂದರೆ ರಸ್ತೆ ಅಳೆದು, ಜೋಡಿಸಿ, ಪರೀಕ್ಷೆ ಮಾಡುವುದಕ್ಕೆ ತಿಂಗಳುಗಳೇ ಬೇಕು.

ಅಪ್‌ಡೇಟ್ ಮಾಡಿಸಬಹುದಿತ್ತಲ್ಲ ಅಂತ ನಿಮಗೆ ಅನ್ನಿಸಬಹುದು. ಅಪ್‌ಡೇಟ್ ಸಿಗುವ ಕಾರುಗಳಿಗೆ ಮಾಡಿಸಿದ್ದೇವೆ, ಮುಂದೆಯೂ ಮಾಡಿಸುತ್ತೇವೆ. ಆದರೆ ಕೆಲವು ಮಾದರಿಗಳಿಗೆ ಕಂಪನಿಯೇ ಹೊಸ ಮ್ಯಾಪ್ ಕೊಡುವುದನ್ನು ನಿಲ್ಲಿಸಿದೆ. ದುಡ್ಡು ಕೊಟ್ಟರೂ ಸಿಗುವುದಿಲ್ಲ. ಇನ್ನು ಕೆಲವಕ್ಕೆ ಬರುವ ಹೊಸ ಮ್ಯಾಪಿನ ಮೆಮೊರಿ ಕಾರ್ಡ್ ಆ ಒಂದು ಕಾರಿಗೆ ಮಾತ್ರ ಲಾಕ್ ಆಗಿರುತ್ತದೆ, ಪಕ್ಕದ ಕಾರಿಗೆ ಹಾಕಿದರೆ ಓದುವುದೇ ಇಲ್ಲ.

ನಮ್ಮ ಒಂದು ಹಳೆ ಕಾರಿನಲ್ಲಿ ತಾರೀಖು ಸುಮಾರು 20 ವರ್ಷ ಹಿಂದಿನದು ತೋರಿಸುತ್ತದೆ ಅಂತ ನೀವೇ ಹೇಳಿದ್ದಿರಿ. ಅದಕ್ಕೂ ಅಪ್‌ಡೇಟ್ ಇಲ್ಲದಿರುವುದೇ ಕಾರಣ. ಜಿಪಿಎಸ್ ವಾರಗಳನ್ನು ಎಣಿಸುತ್ತದೆ, 1024 ವಾರ, ಅಂದರೆ ಸುಮಾರು 20 ವರ್ಷ, ಆದ ಮೇಲೆ ಮತ್ತೆ ಸೊನ್ನೆಯಿಂದ ಶುರು. 2019ರ ಏಪ್ರಿಲ್‌ನಲ್ಲಿ ಹಾಗಾಯಿತು. ಅಪ್‌ಡೇಟ್ ಆಗದ ಕೆಲವು ಹಳೆ ಸಾಧನಗಳಿಗೆ ಅದು ಅರ್ಥವಾಗುವುದಿಲ್ಲ.

ಕಾರಿನ ಪರದೆಯನ್ನು ತೆಗೆಯುತ್ತಿಲ್ಲ. ರೇಡಿಯೋ, ರಿವರ್ಸ್ ಕ್ಯಾಮೆರಾ ಎಲ್ಲ ಅದರಲ್ಲೇ ಇವೆ. ಪರದೆಯ ಅಂಚಿಗೆ ಮ್ಯಾಪಿನ ವರ್ಷವನ್ನು ದೊಡ್ಡದಾಗಿ ಬರೆದ ಸ್ಟಿಕ್ಕರ್ ಅಂಟಿಸುತ್ತೇವೆ. ಕೆಲವು ಕಾರುಗಳು ತೋರಿಸುವ ವೇಗದ ಮಿತಿಯೂ ಅದೇ ಹಳೆ ಮ್ಯಾಪಿನಿಂದ ಬರುತ್ತದೆ. ಅದನ್ನು ನಂಬಬೇಡಿ, ರಸ್ತೆ ಬದಿಯ ಬೋರ್ಡ್ ನೋಡಿ. ಫೋನಿನ ಮ್ಯಾಪ್ ಕೂಡ ಕೆಲವೊಮ್ಮೆ ತಪ್ಪುತ್ತದೆ. ಆಗಲೂ ಬೋರ್ಡ್ ಹೇಳಿದ್ದೇ ಸರಿ.

ನಿಮ್ಮಿಂದ ಎರಡು ಸಹಾಯ ಬೇಕು. ಹೊರಡುವ ಮೊದಲು ನೀವು ಹೋಗುವ ಕಡೆಯ ಮ್ಯಾಪನ್ನು ಫೋನಿಗೆ ಡೌನ್‌ಲೋಡ್ ಮಾಡಿಕೊಳ್ಳಿ, ನೆಟ್‌ವರ್ಕ್ ಹೋದರೂ ದಾರಿ ಕಾಣುತ್ತದೆ. ಮಾಡಲು ಬಾರದಿದ್ದರೆ ಸಂಕೋಚ ಬೇಡ, ಕೀ ಕೊಡುವಾಗ ನಾವೇ ಮಾಡಿಕೊಡುತ್ತೇವೆ. ಇನ್ನೊಂದು, ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿ ಒಂದು ನೋಟ್‌ಬುಕ್ ಇಟ್ಟಿರುತ್ತೇವೆ. ಮ್ಯಾಪ್ ಎಲ್ಲಿ ದಾರಿ ತಪ್ಪಿಸಿತು ಅಂತ ಅದರಲ್ಲಿ ಒಂದು ಸಾಲು ಬರೆಯಿರಿ. ಮುಂದೆ ಆ ಕಾರು ತೆಗೆದುಕೊಳ್ಳುವವರಿಗೆ ಅದನ್ನು ಓದಿಸಿಯೇ ಕೀ ಕೊಡುತ್ತೇವೆ.

ಇಂತಿ,
ನಿಮ್ಮ ಕಾರು ಬಾಡಿಗೆ ಸಹಕಾರ ಸಂಘದ ಎಲ್ಲರೂ