ಕಾಗಿಣಾ ದಂಡೆಯ ಆರು ಭಾನುವಾರಗಳು

ಕಳೆದ ಭಾನುವಾರ ಕಾಗಿಣಾ ನದಿಯ ದಂಡೆಯ ಮಳಖೇಡದಲ್ಲಿ ನಮ್ಮ ಬರವಣಿಗೆ ಕಮ್ಮಟದ ಆರನೇ ವಾರ ಮುಗಿಯಿತು. ಮನೆಗೆ ಬಂದು ಚೀಲ ಬಿಚ್ಚಿದರೆ ಒಂದು ನೋಟ್‌ಬುಕ್ಕು, ಒಂದು ಹಿಡಿ ಹಸಿ ತೊಗರಿಕಾಯಿ, ಒಂದು ಸ್ಟೀಲ್ ತಾಟು, ಒಂದು ಚಮಚ. ತಾಟನ್ನು ತೊಳೆದು ಅಡುಗೆಮನೆಗೆ ಇಡೋಕೆ ಮನಸ್ಸಾಗಲಿಲ್ಲ. ಮೊದಲು ಇದನ್ನು ಬರೆದುಬಿಡೋಣ ಅನ್ನಿಸಿತು.

ಎಲ್ಲರ ಕೈ ಹಿಡಿದು ಬಾಯ್ತುಂಬ ಹೇಳಬೇಕಾದ ಮಾತುಗಳಿವು. ಅಷ್ಟು ಮಾತಾಡಲು ನನಗೆ ಇನ್ನೂ ಆಗುವುದಿಲ್ಲ.

ನಾನು ಕನ್ನಡ ಕಲಿಸುವವಳು. ಹನ್ನೊಂದು ವರ್ಷದಿಂದ ದಿನಕ್ಕೆ ನಾಲ್ಕೈದು ಪೀರಿಯಡ್ ಮಾತಾಡಿದ್ದೇ ನನ್ನ ಕೆಲಸ. ಕಳೆದ ಬೇಸಿಗೆಯಲ್ಲಿ ಗಂಟಲು ಕೂತಿತು. ಬಿಸಿನೀರು, ಜೇಷ್ಠಮಧು, ಅರಿಶಿನದ ಹಾಲು, ಎಲ್ಲ ಆಯಿತು. ಏಳಲಿಲ್ಲ. ಧ್ವನಿತಂತುಗಳ ಮೇಲೆ ಗಂಟು ಎಂದರು. ಜಾಸ್ತಿ ಮಾತಾಡುವ ಮೇಷ್ಟ್ರುಗಳಿಗೆ, ಹಾಡುವವರಿಗೆ ಇದು ಬರುತ್ತದಂತೆ. ಗಣೇಶನ ಹಬ್ಬ ಮುಗಿದ ಮೇಲೆ ಆಪರೇಷನ್ ಆಯಿತು. ಆಮೇಲೆ ಒಂದು ವಾರ ಪೂರ್ತಿ ಮೌನ. ಪಿಸುಗುಟ್ಟಲೂಬಾರದು, ಅದೂ ಗಂಟಲಿಗೆ ಭಾರ ಎಂದು ಡಾಕ್ಟರು ಒತ್ತಿ ಹೇಳಿದ್ದರು. ಆ ವಾರ ನನ್ನ ಮಗಳು ಸ್ಲೇಟು ಹಿಡಿದು ಹಿಂದೆ ಮುಂದೆ ಓಡಾಡಿದಳು. ಅವಳಿಗೆ ಮೊದಲ ಥ್ಯಾಂಕ್ಸ್. ಅವಳು ಆ ಸ್ಲೇಟನ್ನು ಇನ್ನೂ ಒರೆಸಿಲ್ಲ. ಅದರ ಮೇಲೆ 'ಅನ್ನಕ್ಕೆ ಉಪ್ಪು ಹಾಕಿದ್ಯಾ' ಅಂತಿದೆ.

ಕಮ್ಮಟದ ವಿಚಾರ ಆಪರೇಷನ್‌ಗೂ ಮೊದಲಿನದು. ಚಳಿಗಾಲದಲ್ಲಿ ಹೊಲಕ್ಕೆ ಹೋಗಿ ಕೂತು ಬರೆಯೋಣ ಅಂತ ಜೂನಿನಲ್ಲೇ ಮಾತು ಕೊಟ್ಟಿದ್ದೆ. ಅಕ್ಟೋಬರ್ ಬಂದರೂ ಹತ್ತು ನಿಮಿಷಕ್ಕಿಂತ ಹೆಚ್ಚು ಧ್ವನಿ ತಾಳುತ್ತಿರಲಿಲ್ಲ. ಬಯಲಲ್ಲಿ, ಗಾಳಿಯಲ್ಲಿ, ಹದಿನೇಳು ಜನರಿಗೆ ಕೇಳುವ ಹಾಗೆ ಹೇಗೆ ಮಾತಾಡಲಿ? ಕೈಬಿಡೋಣ ಎಂದು ಮೆಸೇಜ್ ಹಾಕಿದೆ. ಎಂಎ ಓದುವ ಒಬ್ಬ ಹುಡುಗ ತಕ್ಷಣ ಫೋನ್ ಮಾಡಿದ. 'ನೀವೇನ್ ಮಾತಾಡಬ್ಯಾಡ್ರಿ ಮೇಡಂ. ಚೀಟಿ ಮ್ಯಾಲ ಬರದು ಕೊಡ್ರಿ, ನಾ ಓದತೀನಿ' ಎಂದ. ನಾನು ಉತ್ತರ ಕೊಡಲಿಲ್ಲ, ಕೊಡಲು ಆಗಲೂ ಇಲ್ಲ. ಅವನು ಅದನ್ನೇ ಒಪ್ಪಿಗೆ ಅಂದುಕೊಂಡ.

ಹಾಗೆ ಆರಂಭವಾಯಿತು. ಕಲಬುರಗಿಯಿಂದ ಸೇಡಂ ರಸ್ತೆಯಲ್ಲಿ ಸುಮಾರು 40 ಕಿಲೋಮೀಟರ್. ಬೆಳಗಿನ ಚಳಿಯಲ್ಲಿ ಟೆಂಪೋ. ನಮ್ಮ ಡ್ರೈವರ್ ಅಣ್ಣ ಒಂದು ವಾರವೂ ತಡ ಮಾಡಲಿಲ್ಲ. ಮೂರನೇ ವಾರದಿಂದ ಅವರೂ ಒಂದು ಪುಸ್ತಕ ತಂದು ನಮ್ಮ ಜೊತೆ ಕೂತರು. ನನ್ನನ್ನು ಬಿಟ್ಟು ಹದಿನೆಂಟು ಜನರಾದರು.

ನಾನು ಮಾಡಿದ್ದು ಇಷ್ಟೇ. ಪ್ರತಿ ವಾರ ಒಂದು ಚೀಟಿ. ಹುಡುಗ ಅದನ್ನು ಗಟ್ಟಿಯಾಗಿ ಓದುತ್ತಿದ್ದ. ಆಮೇಲೆ ಎಲ್ಲರೂ ದೂರ ದೂರ ಹೋಗಿ ಒಬ್ಬೊಬ್ಬರೇ ಕೂರಬೇಕು. ಇಪ್ಪತ್ತು ನಿಮಿಷ ಬರೀ ನೋಡಬೇಕು, ಪೆನ್ನು ಮುಟ್ಟಬಾರದು. ಫೋನು ಟೆಂಪೋದಲ್ಲಿ. ತಾಟು ಬಾರಿಸಿದ ಮೇಲೆ ಬರೆಯಬೇಕು. ಮತ್ತೊಮ್ಮೆ ಬಾರಿಸಿದರೆ ವಾಪಸ್ ಬರಬೇಕು. ಮೊದಲ ಚೀಟಿಯಲ್ಲಿ ಇದ್ದದ್ದು: 'ಸುಂದರ ಎಂಬ ಪದ ಬೇಡ. ಪ್ರಕೃತಿ ಮಾತೆಯೂ ಬೇಡ. ಕಣ್ಣಿಗೆ ಕಂಡದ್ದರ ಹೆಸರು ಬರೆಯಿರಿ.'

ಮೊದಲ ವಾರ ಎಲ್ಲರೂ ಕಷ್ಟಪಟ್ಟರು. ಹೆಸರೇ ಗೊತ್ತಿಲ್ಲವಲ್ಲ! ನನಗೂ ಅಷ್ಟೇ. 'ಒಂದು ಹಕ್ಕಿ', 'ಒಂದು ಮುಳ್ಳುಗಿಡ', 'ಯಾವುದೋ ಹುಲ್ಲು'. ಆದರೆ ನರ್ಸ್ ಆಗಿರುವ ಒಬ್ಬರು ತೊಗರಿ ಹೂವನ್ನು ಹಿಂದು ಮುಂದು ಮಾಡಿ ನೋಡಿ ಬರೆದಿದ್ದರು: 'ಹೂವಿನ ಮುಂದೆ ಹಳದಿ. ಬೆನ್ನ ಮೇಲೆ ಕೆಂಪು ಗೆರೆ, ಕಣ್ಣೊಳಗಿನ ಸಣ್ಣ ರಕ್ತನಾಳದ ಹಾಗೆ.' ತೊಗರಿಯ ನಾಡಲ್ಲಿ ಹುಟ್ಟಿ ಬೆಳೆದ ನಾನು ಆ ಗೆರೆ ನೋಡಿಯೇ ಇರಲಿಲ್ಲ. ನಮ್ಮ ತೊಗರಿಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಾಗ ಕ್ಲಾಸಿನಲ್ಲಿ ಹೆಮ್ಮೆಯಿಂದ ಹೇಳಿದ್ದೆ, ಅಷ್ಟೆ. ಹೂ ತಿರುಗಿಸಿ ನೋಡಿರಲಿಲ್ಲ. ಸಿಸ್ಟರ್, ನಿಮಗೆ ಋಣಿ.

ಎರಡನೇ ವಾರದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು.

ನಾವು ಕೂತಿದ್ದ ಹೊಲದ ಪಕ್ಕದಲ್ಲಿ ಒಬ್ಬ ಅಮ್ಮ ಮತ್ತು ಅವರ ಸೊಸೆ ತೊಗರಿ ಸಾಲಿನ ನಡುವೆ ಹಳೆಯ ಸೀರೆ ಹಾಸುತ್ತಿದ್ದರು. ಒಬ್ಬರು ಸೀರೆ ಎಳೆದುಕೊಂಡು ಹೋಗುವುದು, ಇನ್ನೊಬ್ಬರು ಗಿಡ ಬಗ್ಗಿಸಿ ಜೋರಾಗಿ ಅಲ್ಲಾಡಿಸುವುದು. ಕಾಯಿಕೊರಕ ಹುಳಗಳು ಸೀರೆಯ ಮೇಲೆ ಉದುರುತ್ತಿದ್ದವು. ಹಸಿರು ಹುಳ, ಕಂದು ಹುಳ, ಬೆರಳಿನ ಒಂದು ಗೆಣ್ಣಿನಷ್ಟು ಉದ್ದ. ಮನೆಯ ಕೋಳಿಗೆ ಹಬ್ಬ. ಔಷಧಿ ಹೊಡೆಯೋಕೆ ದುಡ್ಡು ಸಾಲದ ವರ್ಷ ಇದೇ ಗತಿ ಎಂದರು.

ನಾವು ಬೇಲಿ ಹತ್ತಿರ ನಿಂತು ನೋಡಿದೆವು. ಅಮ್ಮ ಕೇಳಿದರು, 'ಏನ್ ಬರಿಲಾಕತ್ತೀರಿ?' ಕಂಡದ್ದನ್ನ, ಎಂದೆ. 'ಕಂಡದ್ದ ಯಾಕ? ಕಣ್ಣ ಮುಚ್ಚಿ ಕೇಳ್ರಿ. ಹುಳಾ ಬಿದ್ದ ಸಪ್ಪಳ ಬ್ಯಾರೆ, ಎಲಿ ಬಿದ್ದ ಸಪ್ಪಳ ಬ್ಯಾರೆ. ಹೂ ಬಿದ್ರ ಸಪ್ಪಳ ಇಲ್ಲ. ಅದಕ ಹೂವಿನ ಲುಕ್ಸಾನು ಗೊತ್ತಾಗಂಗಿಲ್ಲ.'

ನಾವೆಲ್ಲ ಕಣ್ಣು ಮುಚ್ಚಿದೆವು. ಸೊಸೆ ಗಿಡ ಅಲ್ಲಾಡಿಸಿದಳು. ಟಪ್, ಟಪ್ ಅಂತ ದಪ್ಪ ಸಪ್ಪಳ. ಅದರ ಹಿಂದೆ ಎಲೆಗಳ ಒಣ ಸರಸರ. ಕಣ್ಣು ತೆರೆದಾಗ ಸೀರೆಯ ತುಂಬ ಹೂವಿದ್ದವು. ಒಂದೂ ಕೇಳಿಸಿರಲಿಲ್ಲ.

ನಮ್ಮಲ್ಲೊಬ್ಬಳು ಆ ಮಾತನ್ನು ಬರೆದುಕೊಂಡು ಅಮ್ಮನಿಗೇ ಓದಿ ತೋರಿಸಿದಳು. ಸ್ವಲ್ಪ ಚಂದ ಕಾಣಲಿ ಅಂತ 'ಸಪ್ಪಳ' ತೆಗೆದು 'ನಾದ' ಮಾಡಿದ್ದಳು. ಅಮ್ಮ ತಡೆದರು. 'ನಾ ಹಂಗಂದಿಲ್ಲವ್ವಾ. ನಾದ ಗುಡ್ಯಾಗ ಇರ್ತದ. ಹೊಲದಾಗ ಸಪ್ಪಳ.' ಹುಡುಗಿ ಅಲ್ಲೇ ಮಂಡಿಯ ಮೇಲೆ ಪುಸ್ತಕ ಇಟ್ಟು ತಿದ್ದಿದಳು.

ನಾವು ನಿಂತಿದ್ದ ಊರು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಶ್ರೀವಿಜಯ ಬರೆದ ಕವಿರಾಜಮಾರ್ಗ ಈ ಆಸ್ಥಾನದ್ದು. ಈ ನಾಡಿನ ಜನ ಓದದೆಯೂ ಕಾವ್ಯ ಬಲ್ಲವರು ಎಂದು ಅದರಲ್ಲಿದೆ. ಪ್ರತಿ ವರ್ಷ ಬೋರ್ಡಿನ ಮುಂದೆ ನಿಂತು ಅದನ್ನು ಪಾಠ ಮಾಡಿದ್ದೇನೆ, ಪರೀಕ್ಷೆಗೆ ಐದು ಮಾರ್ಕಿನ ಪ್ರಶ್ನೆ ಹಾಕಿದ್ದೇನೆ. ಆ ಸಾಲಿನ ಅರ್ಥ ಅವತ್ತು ನನ್ನ ಎದುರು ಸೀರೆ ಜಾಡಿಸುತ್ತಾ ನಿಂತಿತ್ತು. ಅಕ್ಷರ ಬಾರದ ಆ ಅಮ್ಮನಿಗೆ ಹೇಗೆ ಥ್ಯಾಂಕ್ಸ್ ಹೇಳುವುದೋ ನನಗೆ ತಿಳಿದಿಲ್ಲ. ಈ ಬರಹವನ್ನು ಓದಿ ಹೇಳುತ್ತೇನೆ ಎಂದು ಅವರ ಮೊಮ್ಮಗ ಹೇಳಿದ್ದಾನೆ. ಅಮ್ಮಾ, ಎಲ್ಲಾದರೂ ನಿಮ್ಮ ಮಾತು ತಿರುಚಿದ್ದರೆ ಹೇಳಿ ಕಳಿಸಿ, ತಿದ್ದುತ್ತೇನೆ.

ಮೂರನೇ ವಾರ ಕಾಗಿಣಾ ದಂಡೆಯ ಕಲ್ಲು. ಕಲ್ಲಿನ ಗಣಿಯಲ್ಲಿ ಕೆಲಸ ಮಾಡುವ ಒಬ್ಬರು ನಮ್ಮ ಜೊತೆಗಿದ್ದರು. ಶಹಾಬಾದ್ ಕಲ್ಲನ್ನು ಪದರ ಪದರವಾಗಿ ಎಬ್ಬಿಸುವುದು ಅವರ ಕೈಗೆ ಅಭ್ಯಾಸ. ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ, ಪದರ ಎಲ್ಲಿ ಬಿಟ್ಟಿದೆ ಎಂದು ಕಿವಿಯಿಂದಲೇ ಗುರುತಿಸಿ ತೋರಿಸಿದರು. ಅವತ್ತಿನ ಬರಹಗಳು ಎಲ್ಲಕ್ಕಿಂತ ಚಿಕ್ಕವು, ಎಲ್ಲಕ್ಕಿಂತ ಗಟ್ಟಿ. ನಾಲ್ಕನೇ ವಾರ ಮಂಜು ಮುಸುಕಿ ಯಾರಿಗೂ ಏನೂ ಕಾಣಲಿಲ್ಲ. ಚಹಾ ಕುಡಿದು ಬಂದೆವು.

ಎಳ್ಳ ಅಮಾವಾಸ್ಯೆಯ ದಿನ ಲೆಕ್ಕದಲ್ಲಿ ಇರಲಿಲ್ಲ. ಅದೇ ಅಮ್ಮನ ಮನೆಯವರು ಹೊಲಕ್ಕೆ ಕರೆದರು. ಭೂಮಿತಾಯಿಗೆ ಎಡೆಯಾಗಿ ಹೊಲದ ತುಂಬ ಚರಗ ಚೆಲ್ಲುವಾಗ ನಮ್ಮನ್ನೂ ಸಾಲಿನಲ್ಲಿ ನಡೆಸಿದರು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ. ಎಷ್ಟೆಂದರೆ ಊಟ ಆದ ಮೇಲೆ ಯಾರೂ ಒಂದಕ್ಷರ ಬರೆಯಲಿಲ್ಲ! ಎರೆ ಮಣ್ಣಿನ ಮೇಲೆ ಕಂಬಳಿ ಹಾಸಿ ಮಲಗಿಬಿಟ್ಟೆವು. ನನ್ನ ಪಾಲಿಗೆ ಕಮ್ಮಟದ ಒಳ್ಳೆಯ ದಿನಗಳಲ್ಲಿ ಅದೂ ಒಂದು. ಆ ಮನೆಯ ಹೆಣ್ಣುಮಕ್ಕಳು ಎಷ್ಟು ಹೊತ್ತಿಗೆ ಎದ್ದು ರೊಟ್ಟಿ ಬಡಿದಿರಬಹುದು ಎಂದು ಆಮೇಲೆ ಯೋಚಿಸಿದೆ. ನಿಮ್ಮ ಕೈಗೆ ನಮಸ್ಕಾರ.

ನನ್ನ ಯಜಮಾನರು ಆರು ಭಾನುವಾರ ಮನೆ ನೋಡಿಕೊಂಡರು. ನನ್ನ ಪೀರಿಯಡ್‌ಗಳನ್ನು ಮೂರು ತಿಂಗಳು ಹಂಚಿಕೊಂಡು ತೆಗೆದುಕೊಂಡ ಸಹೋದ್ಯೋಗಿಗಳಿಗೆ ಎಷ್ಟು ಹೇಳಿದರೂ ಕಡಿಮೆ. ಗಂಟಲಿಗೆ ದಿನಾ ವ್ಯಾಯಾಮ ಹೇಳಿಕೊಟ್ಟ ಸ್ಪೀಚ್ ಥೆರಪಿಸ್ಟ್ ಅವರಿಗೂ. ಆಲಿಸಿದಷ್ಟೂ ಗಂಟಲಿಗೆ ಒಳ್ಳೇದು ಅಂತ ಅವರು ಹೇಳಿದಾಗ ಸುಮ್ನೆ ಸಮಾಧಾನಕ್ಕೆ ಹೇಳ್ತಾರೆ ಅಂದುಕೊಂಡಿದ್ದೆ.

ಕೊನೆಯ ಭಾನುವಾರ ಎಲ್ಲರೂ ತಮ್ಮ ಒಂದೊಂದು ಪುಟ ಓದಿದರು. ಡ್ರೈವರ್ ಅಣ್ಣ ತಮ್ಮ ಊರಿನ ಹುಣಸೆಮರದ ಬಗ್ಗೆ ಓದುವಾಗ ಹಾಳೆ ನಡುಗುತ್ತಿತ್ತು. ಆಮೇಲೆ ಎಲ್ಲರೂ ನನ್ನ ಕಡೆ ನೋಡಿದರು. ನಾನೂ ಒಂದು ಪುಟ ಬರೆದಿದ್ದೆ. ಆಪರೇಷನ್ ಆದ ಮೇಲೆ ಬೇರೆಯವರ ಮುಂದೆ ಗಟ್ಟಿಯಾಗಿ ಓದಿರಲಿಲ್ಲ. ಎದ್ದು ನಿಂತೆ. ನಿಧಾನವಾಗಿ ಓದಿದೆ. ಪುಟದ ಬಹುಭಾಗ ಧ್ವನಿ ತಾಳಿತು. ಕೊನೆಯ ಎರಡು ಸಾಲಿಗೆ ಗಂಟಲು ಒಡೆಯಿತು. ನಾನು ಏನೂ ಹೇಳದಿದ್ದರೂ ಚೀಟಿ ಓದುವ ಹುಡುಗ ಪಕ್ಕಕ್ಕೆ ಬಂದು, ಹಾಳೆಗೆ ಬಗ್ಗಿ, ಉಳಿದ ಎರಡು ಸಾಲು ಓದಿದ. ಓದಿ, ತಾಟು ತೆಗೆದುಕೊಂಡು ಬಾರಿಸಿದ.