ಗೇಟುಗಳ ಅಗಲ ಎಷ್ಟು ಮೀಟರ್? ಗೃಹ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಗೃಹ ಸಚಿವರೇ,

2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಮಂದಿ ಜೀವ ಕಳೆದುಕೊಂಡರು. ತಪ್ಪು ಯಾರದೆಂದು ತೀರ್ಮಾನಿಸುವವರು ಬೇರೆ ಇದ್ದಾರೆ. ನಾವು ಕೇಳುವುದು ಸಣ್ಣ ವಿಷಯ. ಪಂದ್ಯಕ್ಕೋ ಸಂಗೀತ ಕಾರ್ಯಕ್ರಮಕ್ಕೋ ಅನುಮತಿ ಕೊಡುವ ಆದೇಶದಲ್ಲಿ ಬಂದೋಬಸ್ತಿಗೆ ಎಷ್ಟು ಪೊಲೀಸರು ಎಂದು ಬರೆಯುವ ಹಾಗೆಯೇ, ಗೇಟುಗಳ ಒಟ್ಟು ಅಗಲ ಎಷ್ಟು ಮೀಟರ್ ಎಂದೂ ಬರೆಸಿ.

ಲೆಕ್ಕ ಕಷ್ಟದ್ದಲ್ಲ. ಬ್ರಿಟನ್ನಿನಲ್ಲಿ ಕ್ರೀಡಾಂಗಣಗಳಿಗೆ ಬಳಸುವ ‘ಗ್ರೀನ್ ಗೈಡ್’ ಪ್ರಕಾರ, ಸಮತಟ್ಟಾದ ದಾರಿಯಲ್ಲಿ ಒಂದು ಮೀಟರ್ ಅಗಲದಲ್ಲಿ ನಿಮಿಷಕ್ಕೆ ಹೆಚ್ಚೆಂದರೆ 82 ಜನ ಹೊರಬರಬಹುದು, ಮೆಟ್ಟಿಲಿದ್ದರೆ 66. ತಿರುಗುಗೇಟಿನ ಒಂದು ಸಾಲಿನಲ್ಲಿ ಗಂಟೆಗೆ ಒಳಹೋಗಬಹುದಾದವರು ಗರಿಷ್ಠ 660. ಚಿನ್ನಸ್ವಾಮಿಯಲ್ಲಿ ಸುಮಾರು 35,000 ಆಸನಗಳಿವೆ. ಎಂಟು ನಿಮಿಷದಲ್ಲಿ ಎಲ್ಲರೂ ಹೊರಬರಲು 54 ಮೀಟರ್ ಅಗಲ ಬೇಕು, ಒಂದು ಗಂಟೆಯಲ್ಲಿ ಒಳಹೋಗಲು 54 ಸಾಲು. ಎರಡೂ ಒಂದೇ ಸಂಖ್ಯೆಯಾಗಿದ್ದು ಕಾಕತಾಳೀಯ, ಆದರೆ ನೆನಪಿಡಲು ಅನುಕೂಲ.

ನಮ್ಮಲ್ಲಿ 660 ಆಗುವುದಿಲ್ಲ. ಚೀಲ ನೋಡಿ, ಮೈ ತಡವಿ, ನೀರಿನ ಬಾಟಲಿ ಕಸಿದು, ಮೊಬೈಲಿನ ಕ್ಯೂಆರ್ ಸ್ಕ್ಯಾನ್ ಮಾಡಿ ಬಿಡುವಷ್ಟರಲ್ಲಿ ಒಬ್ಬರಿಗೆ ಹತ್ತು ಸೆಕೆಂಡ್ ಹಿಡಿದರೂ ಗಂಟೆಗೆ 360 ಜನವಷ್ಟೇ. ಆಗ 98 ಸಾಲು ಬೇಕು. ಮೂರು ಗಂಟೆ ಮೊದಲೇ ಗೇಟು ತೆರೆಯುತ್ತೇವೆ ಎನ್ನುವ ಸಮಾಧಾನ ಕಾಗದದಲ್ಲಿ ಸರಿ. ಏಳೂವರೆಯ ಪಂದ್ಯಕ್ಕೆ ಜನ ಆಫೀಸು ಮುಗಿಸಿ ಬರುವುದು ಆರೂವರೆಗೇ.

ಎಡವುವ ಜಾಗಗಳು ಗೊತ್ತಿರುವಂಥವೇ. ಸಾವಿರಾರು ಫೋನುಗಳು ಒಂದೇ ಕಡೆ ಸೇರಿದಾಗ ನೆಟ್‌ವರ್ಕ್ ಕೈಕೊಡುತ್ತದೆ, ಟಿಕೆಟ್ ತೆರೆಯುವುದಿಲ್ಲ. ಸ್ಕ್ಯಾನರ್ ನೆಟ್ ಇಲ್ಲದೆಯೂ ಓಡುವಂತಿರಬೇಕು. ಗೇಟು ತಪ್ಪಿ ಬಂದವರನ್ನು ಬಾಗಿಲಲ್ಲೇ ವಾಪಸ್ ಕಳಿಸಿದರೆ ಅವರು ಬರುತ್ತಿರುವ ಜನರಿಗೆ ಎದುರಾಗಿ ಈಜಬೇಕು. ಆದ್ದರಿಂದ ಟಿಕೆಟ್ಟನ್ನು ಮೊದಲ ಬಾರಿ ನೋಡುವ ಜಾಗ ಗೇಟಿನಿಂದ ನೂರು ಮೀಟರ್ ದೂರದಲ್ಲಿ, ಕ್ವೀನ್ಸ್ ರಸ್ತೆ, ಕಬ್ಬನ್ ರಸ್ತೆಗಳ ಮೇಲೇ ಇರಲಿ. ತೆರೆದ ಚರಂಡಿಯ ಮೇಲೆ ಹಲಗೆ ಹಾಸಿ ಸಾಲು ನಿಲ್ಲಿಸುವ ಅಭ್ಯಾಸ ನಿಲ್ಲಲಿ.

ಇನ್ನೊಂದು ಮಾತು. ಪತ್ರಿಕೆಗಳು ಕಾಲ್ತುಳಿತ ಎನ್ನುತ್ತವೆ, ಆದರೆ ಇಂಥ ಕಡೆ ಹೆಚ್ಚಿನವರು ಸಾಯುವುದು ನಿಂತಲ್ಲೇ, ಉಸಿರುಕಟ್ಟಿ. ಒಂದು ಚದರ ಮೀಟರಿಗೆ ನಾಲ್ಕು ಜನ ಇರುವವರೆಗೆ ಕೈಕಾಲು ನಮ್ಮ ಮಾತು ಕೇಳುತ್ತವೆ. ಆರೇಳಾದರೆ ಗುಂಪು ನೀರಿನಂತೆ ಅಲೆಯಾಡುತ್ತದೆ. ಕೈ ಮೇಲೆತ್ತಲಾಗದು, ಬಿದ್ದ ಚಪ್ಪಲಿ ಬಗ್ಗಿ ಎತ್ತಲಾಗದು, ಎದೆ ಹಿಗ್ಗಲು ಜಾಗವಿರದು. ಮುಂದಿನವರು ಒದ್ದಾಡುವುದು ಇಪ್ಪತ್ತು ಅಡಿ ಹಿಂದಿದ್ದವರಿಗೆ ಕಾಣುವುದೇ ಇಲ್ಲ, ಅವರು ತಳ್ಳುತ್ತಲೇ ಇರುತ್ತಾರೆ. ಗೇಟಿನ ಬಳಿ ಲಾಠಿ ಬೀಸಿದರೆ ಜನ ಹಿಂದೆ ಸರಿಯಲು ಜಾಗವೆಲ್ಲಿ? ಒತ್ತಡ ಇಮ್ಮಡಿಯಾಗುತ್ತದೆ. ತಡೆಯಬೇಕಾದದ್ದು ಗುಂಪಿನ ಬಾಲದಲ್ಲಿ. ನಾಲ್ಕು ಮೀರಿದರೆ ಹಿಂದಿನ ಬ್ಯಾರಿಕೇಡ್ ಮುಚ್ಚಿಸುವ ಅಧಿಕಾರ ಒಬ್ಬ ಇನ್‌ಸ್ಪೆಕ್ಟರಿಗೆ ಇರಲಿ, ಅವರು ಯಾರ ಫೋನಿಗೂ ಕಾಯಬೇಕಾಗಿರಬಾರದು. ಗುಂಪಿನ ಹಿಂಭಾಗಕ್ಕೆ ಕೇಳುವ ಹಾಗೆ ಕಂಬಕ್ಕೆ ಧ್ವನಿವರ್ಧಕವಿರಲಿ.

ಹೊರಗಿನ ಒತ್ತಡ ಇಳಿಸಲೆಂದು ಗೇಟು ತೆರೆದುಬಿಡುವುದೂ ಅಪಾಯವೇ. 1989ರ ಏಪ್ರಿಲ್ 15ರಂದು ಇಂಗ್ಲೆಂಡಿನ ಹಿಲ್ಸ್‌ಬರೊ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಹಾಗೇ ಒಂದು ಗೇಟು ತೆರೆದರು. ಒಳಗಿನ ಸುರಂಗದ ಬಾಯಿ ಮುಚ್ಚಿರಲಿಲ್ಲ. ಜನ ಆಗಲೇ ತುಂಬಿದ್ದ ಕಟಕಟೆಗಳೊಳಕ್ಕೆ ಹೋದರು, ಕೊನೆಗೆ ಸತ್ತವರು 97 ಮಂದಿ.

ಉಚಿತ ಪ್ರವೇಶದ ಕಾರ್ಯಕ್ರಮಗಳಿಗೆ ಈ ಲೆಕ್ಕ ಯಾವುದೂ ಹಿಡಿಯದು, ಬರುವವರೆಷ್ಟು ಎಂಬುದೇ ತಿಳಿದಿರುವುದಿಲ್ಲ. ಅಂಥದ್ದಕ್ಕೆ ಕನಿಷ್ಠ ಹೆಸರು ನೋಂದಣಿಯಾದರೂ ಇಲ್ಲದಿದ್ದರೆ ಅನುಮತಿಯೇ ಬೇಡ.

2025ರಲ್ಲಿ ಸರ್ಕಾರ ತಂದ ಜನಸಂದಣಿ ನಿಯಂತ್ರಣ ಮಸೂದೆಯಲ್ಲಿ ಜೈಲು, ದಂಡದ ಮಾತಿದೆ. ಅದರ ನಿಯಮಗಳಲ್ಲಿ ಮೀಟರಿನ ಮಾತೂ ಬರಲಿ. ಆನೇಕಲ್ ಕಡೆಯ ಸೂರ್ಯನಗರದಲ್ಲಿ 80,000 ಆಸನಗಳ ಕ್ರೀಡಾಂಗಣದ ಪ್ರಸ್ತಾವವಿದೆ. ಕಟ್ಟುವುದು ನಿಮ್ಮ ಇಲಾಖೆಯಲ್ಲ, ನಿಜ, ಆದರೆ ಪಂದ್ಯದ ದಿನ ಗೇಟಿನಲ್ಲಿ ನಿಲ್ಲುವವರು ನಿಮ್ಮ ಪೊಲೀಸರೇ. ಅಲ್ಲಿಗೆ ಗ್ರೀನ್ ಗೈಡ್ ಲೆಕ್ಕದಲ್ಲೇ 122 ಮೀಟರ್ ದಾರಿ, 122 ಸಾಲು ಬೇಕು. ಹಳದಿ ಮಾರ್ಗದ ಮೆಟ್ರೊ ಬೊಮ್ಮಸಂದ್ರಕ್ಕೇ ನಿಲ್ಲುತ್ತದೆ. ಹತ್ತು ನಿಮಿಷಕ್ಕೊಂದು ರೈಲು ಬಿಟ್ಟು, ಪ್ರತಿ ರೈಲಿಗೆ 1,500 ಜನ ಹತ್ತಿದರೂ ಗಂಟೆಗೆ ಹೋಗುವವರು 9,000. ಉಳಿದವರು ರಾತ್ರಿ ಹನ್ನೊಂದೂವರೆಗೆ ಎಲ್ಲಿ ನಿಲ್ಲುತ್ತಾರೆ ಎಂಬುದನ್ನು ನಕ್ಷೆಯಲ್ಲಿ ಬಣ್ಣ ಹಾಕಿ ತೋರಿಸಲು ಹೇಳಿ. ತೋರಿಸುವವರೆಗೆ ಪೊಲೀಸ್ ಇಲಾಖೆಯ ನಿರಾಕ್ಷೇಪಣಾ ಪತ್ರ ಕೊಡಬೇಡಿ.

ಇಂತಿ,
ಜನಸಂದಣಿ ನಿರ್ವಹಣೆಯ ಕೆಲಸದಲ್ಲಿರುವ ಕೆಲವರು
ಬೆಂಗಳೂರು